ತಮ್ಮ ಕಾಲ ಮೇಲೆ ಇಳಿಯಲಿ

ಒಂದು ಸೀಮೆ, ಆ ಸೀಮೆಗೊಬ್ಬ ದೊರೆ, ದೊರೆಗೊಂದು ಬಿಳಿ ಹಿಂಡು. ಏಳು ಹೊಳೆ ಆಚೆಗಿನ ಊರಿಗೆ ಈ ಹಿಂಡನ್ನು ಮುಟ್ಟಿಸಬೇಕು, ಒಂದೂ ಕಡಿಮೆಯಾಗಬಾರದು, ಎಲ್ಲವೂ ತಮ್ಮ ಕಾಲ ಮೇಲೆ ನಡೆದೇ ಇಳಿಯಬೇಕು ಅಂತ ದೊರೆ ಡಂಗುರ ಹೊಡೆಸಿದನಂತೆ. ಬಡಿಗೆ ಹಿಡಿದವರು ಬಂದರು, ಹಗ್ಗ ಹಿಡಿದವರು ಬಂದರು. ಹೊಡೆದರು, ಎಳೆದರು, ಅರ್ಧ ಹಿಂಡು ದಾರಿಯಲ್ಲೇ ಮಲಗಿತು. ಕಡೆಗೆ ಕುರಿ ಕಾಯುವ ಹೆಣ್ಣುಮಗಳೊಬ್ಬಳು ಬರಿಗೈಯಲ್ಲಿ ಬಂದು ನಿಂತು, ನಾನು ಮುಟ್ಟಿಸುತ್ತೇನೆ ಅಂದಳಂತೆ.

ಅಜ್ಜಿಯರ ಬಾಯಲ್ಲಾದರೆ ಕತೆ ಹೀಗೆ ಹೊರಡುತ್ತಿತ್ತು. ಇದರಿಂದ ದೊರೆಯನ್ನೂ ಆರು ಹೊಳೆಗಳನ್ನೂ ತೆಗೆದುಬಿಟ್ಟರೆ ಉಳಿದದ್ದೆಲ್ಲ ನಿಜ. ಹೊಳೆ ಒಂದೇ, ಕೃಷ್ಣೆ. ಹಿಂಡು ಬಿಳಿಯದೇ ಹೌದು, ಹಂದಿಗಳದು. ಹೆಣ್ಣುಮಗಳ ಹೆಸರು ರಾಮವ್ವ. ವಯಸ್ಸು ಐವತ್ತು. ಹಳೇ ಕೊಲ್ಹಾರಕ್ಕೆ ಸೊಸೆಯಾಗಿ ಬಂದವಳು, ಊರು ಅಣೆಕಟ್ಟಿನ ನೀರಿಗೆ ಹೋದ ಮೇಲೆ ಹೊಸ ಕೊಲ್ಹಾರದವಳಾದಳು. ಸಾಕಿದವರ ಶೆಡ್ಡಿನಿಂದ ಹಂದಿಗಳನ್ನು ಕಸಾಯಿಖಾನೆಯ ಲಾರಿಗೆ ಏರಿಸುವುದು ಆಕೆಯ ಕೆಲಸ. ಅವು ದಾರಿಯಲ್ಲಿ ಸಾಯದಂತೆ ಏರಿಸುವುದು ಆಕೆ ತಾನಾಗಿಯೇ ತಲೆ ಮೇಲೆ ಹೊತ್ತುಕೊಂಡ ಕೆಲಸ.

ಚೈತ್ರದ ಒಂದು ಬೆಳಗು. ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿಯ ಅಂಚಿನಲ್ಲಿ ರೇಣವ್ವನ ಹಂದಿ ಶೆಡ್ಡು. ಮೂಡಣ ಇನ್ನೂ ಬೆಳ್ಳಗಾಗಿಲ್ಲ. ಲಾರಿ ಬರುವುದು ಐದೂವರೆಗೆ. ರಾಮವ್ವ ಯಾವಾಗಲೂ ಲಾರಿಯಲ್ಲೇ ಕೂತು ಬರುವವಳು. ಇವತ್ತು ಮಾತ್ರ ಗಂಡ ಚಂದಪ್ಪನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಮುಕ್ಕಾಲು ಗಂಟೆ ಮೊದಲೇ ಬಂದಿದ್ದಾಳೆ. ಮಸೂತಿಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಚಂದಪ್ಪನ ಕುರಿ ನಿಲ್ಲಿಸಿದ್ದಾರೆ. ಅವನು ಹಟ್ಟಿ ಕಡೆ ಹೋಗುವಾಗ ಇವಳನ್ನು ಇಲ್ಲಿ ಇಳಿಸಿದ. "ನನ್ನ ಕುರಿ ಕಾಯಾಕ ನಾಯಿ ಅದಾವ. ಹಂದಿ ಕಾಯಾಕ ನನ್ನ ಹೇಂತಿ ಅದಾಳ" ಎಂದು ತಾನೇ ನಕ್ಕು ಗಾಡಿ ತಿರುಗಿಸುತ್ತಾನೆ.

ಶೆಡ್ಡಿನೊಳಗಿಂದ ಸದ್ದು ಬರುತ್ತಿದೆ. ಹಸಿದ ಹಂದಿಯ ಸದ್ದಿಗೂ ಉಣ್ಣುವ ಹಂದಿಯ ಸದ್ದಿಗೂ ಇರುವ ಅಂತರ ರಾಮವ್ವನ ಕಿವಿಗೆ ಚೆನ್ನಾಗಿ ಗೊತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾಳೆ. ಗೋದಲಿಗೆ ಮೈಬಗ್ಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ರೇಣವ್ವ ಬಕೀಟು ಬಗ್ಗಿಸುತ್ತಿದ್ದಾಳೆ. ಜೋಳದ ನುಚ್ಚಿನ ಅಂಬಲಿ, ಮೇಲೆ ಶೇಂಗಾ ಹಿಂಡಿ, ಬೆಲ್ಲದ ವಾಸನೆ ಬೇರೆ.

"ಏನ ಮಾಡಾಕತ್ತೀಯವ್ವಾ ರೇಣವ್ವ?"

ಅರವತ್ಮೂರರ ರೇಣವ್ವ ತಿರುಗಿ ನೋಡುತ್ತಾಳೆ. ಬಕೀಟನ್ನು ಹಿಂದೆ ಅಡಗಿಸಲು ನೋಡಿ, ಅದು ಅಡಗುವಷ್ಟು ಸಣ್ಣದಲ್ಲ ಅನ್ನುವುದು ಹೊಳೆದು, ಕೆಳಗಿಡುತ್ತಾಳೆ.

"ಒಂದೊಂದ ಮುಷ್ಟಿ ಹಾಕೇನಿ, ಅಷ್ಟ."

"ಎಷ್ಟ ಬಕೀಟ?"

"ಎರಡು." ಸ್ವಲ್ಪ ಹೊತ್ತಿನ ಮೇಲೆ, "ನಾಕು."

ಬೈಗುಳ ಹುಟ್ಟಬೇಕಾದ ಜಾಗದಲ್ಲಿ ರಾಮವ್ವ ಗೋಡೆಗೆ ಒರಗಿ ಕುಕ್ಕರಿಸಿ ಕೂರುತ್ತಾಳೆ. ಒಂದು ವರ್ಷದಿಂದ ಆಕೆ ಹುಡುಕುತ್ತಿದ್ದದ್ದು ಆ ಬಕೀಟಿನಲ್ಲಿತ್ತು.

ಹಂದಿಗೆ ಬೆವರು ಬರುವುದಿಲ್ಲ. ಮನುಷ್ಯರು ಬೆವರಿ ತಂಪಾಗುತ್ತಾರೆ, ನಾಯಿ ನಾಲಿಗೆ ಚಾಚುತ್ತದೆ, ಹಂದಿಗೆ ರಾಡಿ ಬೇಕು, ನೀರು ಬೇಕು, ಇಲ್ಲವೆ ಗಾಳಿಯಾದರೂ ಬೇಕು. ಈ ಸೀಮೆಯ ಬ್ಯಾಸಗಿಯಲ್ಲಿ ತಗಡಿನ ಲಾರಿಯೊಳಗೆ ಇವು ಮೂರೂ ಇಲ್ಲ. ಹೊಟ್ಟೆ ತುಂಬಿದ್ದರಂತೂ ಉಂಡದ್ದು ಅರಗುವ ಕಾವು ಒಳಗಿಂದ, ಬಿಸಿಲಿನ ಕಾವು ಹೊರಗಿಂದ. ಲಾರಿ ಕುಲುಕಿದಾಗ ತುಂಬಿದ ಹೊಟ್ಟೆ ಎದೆಗೆ ಒತ್ತುತ್ತದೆ, ವಾಂತಿ ಉಸಿರಿಗೆ ಸಿಕ್ಕುತ್ತದೆ. ಬೆಳಗಾವಿ ಕಡೆಯ ಕಸಾಯಿಖಾನೆ ಇಲ್ಲಿಂದ ಐದು ತಾಸಿನ ದಾರಿ. ಅಲ್ಲಿ ಹಿಂಬಾಗಿಲು ತೆಗೆದಾಗ ಎಷ್ಟು ನಿಂತಿವೆ, ಎಷ್ಟು ಬಿದ್ದಿವೆ ಅನ್ನುವುದೇ ಸಾಕಿದವರ ನಾಲ್ಕು ತಿಂಗಳ ದುಡಿಮೆಯ ಹಣೆಬರಹ.

ರಾಮವ್ವ ಈ ಕೆಲಸಕ್ಕೆ ಬಿದ್ದದ್ದೂ ದಾರಿಯಲ್ಲೇ. ಎಂಟು ವರ್ಷದ ಹಿಂದೆ ಗಂಡನ ಕುರಿಗಳ ಜೊತೆ ಹೊಳೆದಂಡೆ ಹಿಡಿದು ಮುದ್ದೇಬಿಹಾಳದ ತಂಗಡಗಿ ಕಡೆ ಹೋಗಿದ್ದಳು. ನಡು ಮಧ್ಯಾಹ್ನ ರಸ್ತೆ ಪಕ್ಕದಲ್ಲಿ ಕೆಟ್ಟು ನಿಂತ ಒಂದು ಲಾರಿ, ಒಳಗಿಂದ ಕಿವಿ ಹರಿಯುವ ಚೀತ್ಕಾರ. ಇಂಡಿ ಕಡೆಯ ಚಾಲಕ ಯುವರಾಜ ಆಗ ಇಪ್ಪತ್ತನಾಲ್ಕರ ಹುಡುಗ. ಗಾಬರಿಯಲ್ಲಿ ಕೊಡಗಟ್ಟಲೆ ತಣ್ಣೀರು ತಂದು ಹಂದಿಗಳ ತಲೆ ಮೇಲೆ ಸುರಿಯುತ್ತಿದ್ದ. ಸುರಿದಂತೆಲ್ಲ ಅವು ಧಡ್ ಅಂತ ಬೀಳುತ್ತಿದ್ದವು.

"ಕುರಿ ಕಾದಾಕಿ ನಾ. ಕಾದ ಮೈಗೆ ಒಮ್ಮಿಂದೊಮ್ಮೆಲೆ ತಣ್ಣೀರ ಹಾಕಬಾರದು ಅನ್ನೂದು ನನಗ ಗೊತ್ತಿತ್ತು. ಆ ಹುಡುಗನ ಕೈಯಾನ ಕೊಡಪಾನ ಕಸಗೊಂಡೆ. ಕಾಲ ಬುಡಕ ಹಾಕೋ, ನೆಲ ತೋಯಿಸೋ, ಮ್ಯಾಲೆ ನೆಳ್ಳ ಮಾಡೋ ಅಂದೆ. ನಮ್ಮ ಕಂಬಳಿ ಎಲ್ಲಾ ಹೊಚ್ಚಿದ್ವಿ ಲಾರಿಗೆ" ಎನ್ನುತ್ತಾಳೆ.

ಅವತ್ತು ಹನ್ನೊಂದು ಸತ್ತವು, ಇಪ್ಪತ್ತೇಳು ಉಳಿದವು. ಮುಂದಿನ ವಾರ ಯುವರಾಜ ಹುಡುಕಿಕೊಂಡು ಕೊಲ್ಹಾರಕ್ಕೇ ಬಂದ. "ರಾಮಕ್ಕಾ, ಏರಿಸೂಮುಂದ ನೀ ಒಂದೀಟ ನಿಂದರು ಬಾ" ಅಂದ. ಓಣಿಯ ಹೆಂಗಸರು ತಿಂಗಳುಗಟ್ಟಲೆ ಆಕೆಯನ್ನು ಹಂದಿಗಳ ಬೀಗತಿ ಅಂತ ಕರೆದರು. ಚಂದಪ್ಪ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಹಸಿವಾಗಿ ಮಾತಾಡಿದ.

ಮೊದಮೊದಲು ರಾಮವ್ವ ಮಾಡಿದ್ದೆಲ್ಲ ತಪ್ಪೇ. ಕುರಿಗೆ ಮಾಡಿದಂತೆ ಒಂದಕ್ಕೆ ಹಗ್ಗ ಕಟ್ಟಿ ಮುಂದೆ ಎಳೆದಳು, ಉಳಿದವು ಹಿಂದೆ ಬರುತ್ತವೆ ಅಂದುಕೊಂಡು. ಒಂದೂ ಬರಲಿಲ್ಲ. ಸಿಂದಗಿಯ ಒಂದು ಶೆಡ್ಡಿನಲ್ಲಿ ಬೇರೆ ಬೇರೆ ಗೂಡಿನ ಹಂದಿಗಳನ್ನು ಒಟ್ಟಿಗೆ ತುಂಬಿದಳು. ಪರಿಚಯವಿಲ್ಲದವು ದಾರಿಯುದ್ದಕ್ಕೂ ಕಚ್ಚಾಡಿ ಮೂರು ಸತ್ತವು. "ಕುರಿ ಮುಂದಿನದ್ದನ್ನ ನಂಬತೈತಿ. ಹಂದಿ ತನ್ನ ಮೂಗನ್ನಷ್ಟ ನಂಬತೈತಿ. ಅದು ಮೂಸಿ ನೋಡಿ ಹೂಂ ಅನ್ನೂತನಕ ನಾವು ಸುಮ್ಮ ನಿಂದರಬೇಕು. ನಮಗ ಗಡಿಬಿಡಿ, ಅದಕ್ಕೇನ ಐತಿ?"

ಹೀಗೆ ಒಂದೊಂದಾಗಿ ಕಲಿತಳು. ಕೈಯಲ್ಲಿ ಬಡಿಗೆ ಇಲ್ಲ, ಎದೆಯೆತ್ತರದ ಒಂದು ಹಲಗೆ ಇದೆ. ಅದನ್ನು ಹಿಡಿದು ಹಿಂದೆ ನಿಂತರೆ ಹಂದಿಗೆ ಅದು ಗೋಡೆ, ಆದ್ದರಿಂದ ಮುಂದೆ ನಡೆಯುತ್ತದೆ. ಬಡಿಗೆ ಬಿದ್ದ ಕಡೆ ಮಾಂಸ ಕಪ್ಪಾಗಿ, ಆಮೇಲೆ ಅದನ್ನು ಕೊಯ್ದು ಎಸೆಯುತ್ತಾರೆ, ಆ ನಷ್ಟವೂ ತಪ್ಪಿತು. ಲಾರಿಯೊಳಗೆ ಕತ್ತಲಿದ್ದರೆ ಅವು ಹೆಜ್ಜೆ ಇಡುವುದಿಲ್ಲ, ಅದಕ್ಕೆ ಒಳಗೊಂದು ದೀಪ. ಕೆಳಗೆ ತೋಯಿಸಿದ ಉಸುಕು, ಮೇಲೆ ಕಬ್ಬಿನ ರವದಿಯ, ಅಂದರೆ ಒಣಗರಿಯ ನೆರಳು. ಒಂದು ಗೂಡಿನವಕ್ಕೆ ಒಂದು ಬಣ್ಣ, ಕುರಿಗೆ ಹಚ್ಚುವ ಹಾಗೆ ಬೆನ್ನ ಮೇಲೆ. ಗೂಡಿಗೂ ಗೂಡಿಗೂ ನಡುವೆ ಕುರಿಹಟ್ಟಿಯ ಬಿದಿರಿನ ತಟ್ಟಿ. ಮೂವತ್ತೆಂಟು ತುರುಕುತ್ತಿದ್ದ ಲಾರಿಗೆ ಈಗ ಇಪ್ಪತ್ತಾರು, ಎಲ್ಲಕ್ಕೂ ಮಲಗಲು ಜಾಗವಿರಬೇಕು. ಏರಿಸಿದ ಮೇಲೆ ಲಾರಿ ನಿಲ್ಲುವಂತಿಲ್ಲ. ನಿಂತರೆ ಗಾಳಿ ನಿಂತಿತು, ಗಾಳಿ ನಿಂತರೆ ಉಸಿರು.

"ಮೊದಲೆಲ್ಲಾ ಸೇತುವಿ ದಾಟಿ ಚಾ ಕುಡೀತಿದ್ದೆ, ಹದಿನೈದ ಮಿನಿಟ. ಆ ಹದಿನೈದ ಮಿನಿಟಿನಾಗ ಎರಡು ಹೋಗ್ತಿದ್ವು, ನನಗ ತಿಳೀತಿರಲಿಲ್ಲ" ಎನ್ನುತ್ತಾನೆ ಯುವರಾಜ, ಇದನ್ನೆಲ್ಲ ಬರೆದುಕೊಳ್ಳಲು ಬಂದವರಿಗೆ. "ಈಗ ರಾಮಕ್ಕ ಮನಿಂದ ಥರ್ಮಾಸಿನಾಗ ಚಾ ತರ್ತಾಳ. ಏರಿಸೂಕಿಂತ ಮೊದಲ ಕುಡಿಬೇಕು. ಆಮ್ಯಾಲ ಬಾಯಿಗೆ ಬೀಗ. ಸಕ್ರಿ ಮಾತ್ರ ಭಾಳ ಕಮ್ಮಿ ಹಾಕ್ತಾಳ್ರಿ, ಅದನ್ನೂ ಬರ್ಕೋರಿ."

ಬ್ಯಾಸಗಿಯಲ್ಲಿ ವಾರಕ್ಕೆ ನಾಲ್ಕು ಲಾರಿ, ಉಳಿದ ಕಾಲಕ್ಕೆ ಎರಡು. ಇಂಡಿಯಲ್ಲಿ ಎರಡು ಶೆಡ್ಡು, ಸಿಂದಗಿಯಲ್ಲಿ ಒಂದು, ತಂಗಡಗಿ ಹತ್ತಿರ ಒಂದು, ಮಸೂತಿಯದು ಒಂದು. ಆಕೆ ಬರುವ ಮೊದಲು ಬಿಸಿಲುಗಾಲದ ಒಂದು ಲಾರಿಗೆ ಮೂರೋ ನಾಲ್ಕೋ ಸಾಯುವುದು ಮಾಮೂಲು. ಯಾರೂ ಅದನ್ನು ಸಾವು ಅನ್ನುತ್ತಿರಲಿಲ್ಲ, ನಷ್ಟದ ಲೆಕ್ಕಕ್ಕೆ ಹಾಕಿ ತೂಟು ಅನ್ನುತ್ತಿದ್ದರು. ಕಳೆದ ವರ್ಷ ಮಸೂತಿ ಬಿಟ್ಟು ಉಳಿದ ನಾಲ್ಕು ಶೆಡ್ಡುಗಳಿಂದ ಹೋದ ನೂರಾ ಮೂವತ್ತು ಲಾರಿಗಳಲ್ಲಿ ಸತ್ತದ್ದು ಒಟ್ಟು ಹದಿನೈದು. ಓದು ಬಾರದ ರಾಮವ್ವ ಇವನ್ನು ಬಾಯಲ್ಲೇ ಹೇಳುತ್ತಾಳೆ. ಯಾವ ಊರಿನದು, ಯಾವ ಬಣ್ಣದ್ದು, ಎಲ್ಲಿ ಬಿತ್ತು ಎಂಬುದನ್ನೂ ಹೇಳುತ್ತಾಳೆ.

ಕೊಯ್ಯುವುದಕ್ಕೇ ಹೋಗುವ ಜೀವಕ್ಕೆ ಇಷ್ಟೆಲ್ಲ ಉಪಚಾರ ಯಾಕೆ ಎಂದು ಕೇಳದವರಿಲ್ಲ. ಗಂಡನೂ ಕೇಳಿದ್ದಾನೆ. ರಾಮವ್ವನ ಉತ್ತರ ಎಲ್ಲರಿಗೂ ಒಂದೇ: "ಸಾಯೂದು ಐತಿ, ಹೌದು. ಅಲ್ಲಿ ಹೋಗಿ ಒಂದ ಸಲ ಸಾಯಲಿ. ಐದ ತಾಸ ದಾರ್ಯಾಗ ಯಾಕ ಸಾಯಬೇಕು?"

ಇಷ್ಟಾದರೂ ಮಸೂತಿಯ ಶೆಡ್ಡು ಮಾತ್ರ ಕೈಗೆ ಹತ್ತಿರಲಿಲ್ಲ. ಹೋದ ವರ್ಷದ ಚೈತ್ರದಲ್ಲಿ ಇಲ್ಲಿಂದ ಹೋದ ಒಂದೇ ಲಾರಿಯಲ್ಲಿ ಒಂಬತ್ತು ಬಿದ್ದವು. ಅವತ್ತು ರೇಣವ್ವ ಅಳಲಿಲ್ಲ. ಖಾಲಿ ಗೂಡುಗಳನ್ನು ತೊಳೆಯುತ್ತ, "ನಾ ಕೈಯಾರೆ ಬೆಳಸೇನಿ ರಾಮವ್ವ. ಕಳಸೂದು ಕಳಸೇನಿ. ಹಿಂಗ ಮಾತ್ರ ಆಗಬಾರದಿತ್ತು" ಅಂದಳು. ರಾಮವ್ವ ಆಗ ಮಾತು ಕೊಟ್ಟಳು. ಒಂದು ಖೇಪಾದರೂ, ಒಂದು ಲಾರಿಯಾದರೂ, ರೇಣವ್ವನ ಎಲ್ಲ ಹಂದಿಗಳೂ ತಮ್ಮ ಕಾಲ ಮೇಲೆ ಇಳಿಯುವಂತೆ ಮಾಡುತ್ತೇನೆ. ಆಮೇಲೆ ಐದು ಲಾರಿ ಹೋದವು. ಎರಡು ಸತ್ತವು, ಮೂರು ಸತ್ತವು, ಎರಡು, ಒಂದು, ಮತ್ತೆ ಎರಡು. ಉಳಿದ ಶೆಡ್ಡುಗಳಲ್ಲಿ ಫಲಿಸಿದ್ದು ಇಲ್ಲಿ ಯಾಕೆ ಫಲಿಸುತ್ತಿಲ್ಲ? ಉಸುಕು ಬದಲಿಸಿದಳು, ಬಣ್ಣ ಬದಲಿಸಿದಳು, ಲಾರಿ ಹೊರಡುವ ಹೊತ್ತು ಬದಲಿಸಿದಳು. ಹೋದ ತಿಂಗಳು ಇದೇ ಅಂಗಳದಲ್ಲಿ ನಿಂತು, ಮುಂದಿನ ಖೇಪಿನಲ್ಲೂ ಒಂದು ಬಿದ್ದರೆ ಯಾರ ಶೆಡ್ಡಿಗೂ ಕಾಲಿಡುವುದಿಲ್ಲ, ಕುರಿ ಹಿಂದೆ ಹೋಗುತ್ತೇನೆ ಅಂದುಬಿಟ್ಟಿದ್ದಾಳೆ.

"ಹಿಂದಿನ ದಿನ ಮಧ್ಯಾಹ್ನದ ಮ್ಯಾಲೆ ಹಾಕಬ್ಯಾಡ ಅಂತ ಹೇಳಿದ್ದಿಲ್ಲೇನ ನಿನಗ?" ಎನ್ನುತ್ತಾಳೆ ಈಗ ಗೋಡೆಗೆ ಒರಗಿ ಕೂತ ರಾಮವ್ವ.

"ರಾತ್ರಿ ಹಾಕಿಲ್ಲಲ್ಲ. ನೀ ಹೇಳಿದ್ದು ಕೇಳೇನಿ. ಮುಂಜಾನೆ ಅಷ್ಟ ಹಾಕೇನಿ."

"ಪ್ರತಿ ಸಲಾನೂ?"

ರೇಣವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ. "ನನ್ನ ಗಂಡ ಪ್ಯಾಟಿಗೆ ಹೊಂಟಾಗ ಉಣಿಸಿ ಕಳಸೇನಿ. ಮಗಳ ಗಂಡನ ಮನಿಗೆ ಹೊಂಟಾಗ ಉಣಿಸಿ ಕಳಸೇನಿ. ಎತ್ತು ಸಂತಿಗೆ ಹೊಂಟರೂ ಹಿಂಡಿ ಇಟ್ಟೇನಿ. ಈ ಹೊಸ್ತಲದಾಗಿಂದ ಹಸದ ಯಾರೂ ಹೋಗಿಲ್ಲ. ಇವು ತಿರುಗಿ ಬರೂವಲ್ಲ ಅಂತ ಗೊತ್ತಿದ್ದೂ ಬರೇ ಹೊಟ್ಟೀಲೆ ಕಳಸಾಕ, ನಾ ಏನ ಅವಕ್ಕ ವೈರಿ ಏನ?"

ರಾಮವ್ವನ ಮನೆಯಲ್ಲೂ ಇದೇ ನಡೆ. ಕುರಿ ಹಿಂದೆ ಹೊರಟ ಚಂದಪ್ಪನಿಗೆ ಎರಡು ರೊಟ್ಟಿ ಹೆಚ್ಚು ಬಡಿಸದೆ ಅವಳು ಬಾಗಿಲು ತೆಗೆದಿಲ್ಲ. ಗೋದಲಿಯ ತಳ ನೆಕ್ಕುತ್ತಿರುವ ಹಂದಿಗಳನ್ನು ನೋಡುತ್ತ, "ಹೊಟ್ಟಿ ತುಂಬಿಸಿ ನೀನ ಕೊಂದೀಯವ್ವ" ಎನ್ನುತ್ತಾಳೆ ಮೆಲ್ಲಗೆ. ರೇಣವ್ವ ಬಕೀಟಿನ ಮೇಲೆಯೇ ಕೂತುಬಿಡುತ್ತಾಳೆ.

ಲಾರಿ ಬರುತ್ತದೆ. ಯುವರಾಜ ಥರ್ಮಾಸಿಗೆ ಕೈ ಚಾಚುತ್ತಾನೆ. "ಇವತ್ತ ಏರಸೂದಿಲ್ಲ" ಎನ್ನುತ್ತಾಳೆ ರಾಮವ್ವ.

"ಯಾಕ್ ರಾಮಕ್ಕಾ, ಪಂಚಾಂಗ ನೋಡಿ ಏನ?"

"ಉಂಡಾವ."

"ಉಂಡರ ಉಣಲಿ ಬಿಡಬೇ. ಕಸಾಯಿಖಾನ್ಯಾಗ ಪಾಳಿ ಹಚ್ಚೇನಿ. ಇವತ್ತ ತಪ್ಪಿತಂದ್ರ ಲೆಕ್ಕ ಬರಿಯೂ ಮುನಶಿ ನನಗ ಬೈತಾನ, ನಿನಗಲ್ಲ."

"ನಾಳೆ ಮಾಡಾಕ ಹೇಳು. ಬೈದರ ಬೈಸ್ಕೋ. ನಿನಗ ಬೈದರ ಯಾರೂ ಸಾಯೂದಿಲ್ಲ."

ಯುವರಾಜ ಗೊಣಗುತ್ತಾನೆ, ಫೋನು ಹಚ್ಚುತ್ತಾನೆ, ಅತ್ತ ಕಡೆಯ ಬೈಗುಳವನ್ನು ಇವರಿಗೂ ಕೇಳಲಿ ಎಂದು ದೂರ ಹಿಡಿಯುತ್ತಾನೆ. ಪಾಳಿ ಮಾರನೆಯ ದಿನಕ್ಕೆ ಸರಿಯುತ್ತದೆ. ಖಾಲಿ ಲಾರಿ ತಿರುಗುತ್ತದೆ.

ಆ ಹಗಲು ರಾಮವ್ವ ಕೊಲ್ಹಾರಕ್ಕೆ ಹೋಗುವುದಿಲ್ಲ. ಹನ್ನೆರಡಕ್ಕೆ ರೇಣವ್ವನ ಕೈಗೆ ತಾನೇ ಬಕೀಟು ಕೊಡುತ್ತಾಳೆ. "ಈಗ ಹಾಕು. ಬೆಲ್ಲಾ ಹಾಕು, ಹಿಂಡಿ ಹಾಕು, ನಿನ್ನ ಮನಸ್ಸು ತುಂಬೂವಷ್ಟು ಹಾಕು. ಇದ ಕಳಸೂ ಊಟ ಅಂತ ತಿಳಕೋ. ಇದರ ಮ್ಯಾಲೆ ನೀರಷ್ಟ." ರೇಣವ್ವ ಒಂದೊಂದು ಗೂಡಿನ ಮುಂದೂ ನಿಂತು, ಪ್ರತಿಯೊಂದಕ್ಕೂ ಸಿಗುತ್ತಿದೆಯೇ ಎಂದು ನೋಡಿ ನೋಡಿ ಬಡಿಸುತ್ತಾಳೆ. ಸಂಜೆಗೆ ಅವು ಗೋದಲಿ ಬಡಿದು ಕೂಗತೊಡಗಿದಾಗ ಎದ್ದು ನಿಲ್ಲುತ್ತಾಳೆ, ರಾಮವ್ವ ಮುಖ ನೋಡಿದ ಕೂಡಲೇ ಕೂರುತ್ತಾಳೆ. ಆ ಕೂಗು ಕೇಳುತ್ತ ಇಬ್ಬರೂ ಅರ್ಧ ರೊಟ್ಟಿಗೇ ಏಳುತ್ತಾರೆ.

ಮರುದಿನ ಮೂಡಣ ಬಿಳಿಚುವ ಹೊತ್ತಿಗೆ ಹಲಗೆ, ದೀಪ, ಉಸುಕು ಎಲ್ಲ ಸಿದ್ಧ. ಯುವರಾಜ ಸಕ್ಕರೆ ಕಮ್ಮಿಯ ಚಾ ಕುಡಿದು ಮುಗಿಸಿದ್ದಾನೆ. ಖಾಲಿ ಹೊಟ್ಟೆಯ ಹಂದಿಗಳು ಹಗುರಾಗಿ ಹೆಜ್ಜೆ ಹಾಕುತ್ತವೆ. ಮೊದಲನೆಯದು ಲಾರಿಯ ಇಳಿಬಿಟ್ಟ ಹಿಂಬಾಗಿಲಿನ ಬುಡದಲ್ಲಿ ನಿಂತು ಮೂಸುತ್ತದೆ. ರಾಮವ್ವ ಹಿಂದೆ ಸುಮ್ಮನೆ ನಿಂತಿದ್ದಾಳೆ. "ನೋಡು, ನೋಡು. ಅವಸರ ಇಲ್ಲ" ಎನ್ನುತ್ತಾಳೆ ಅದಕ್ಕೆ. ಅದು ಏರುತ್ತದೆ. ಕೆಂಪು ಬಣ್ಣದ ಒಂಬತ್ತು, ಹಸಿರಿನ ಒಂಬತ್ತು, ನೀಲಿಯ ಎಂಟು. ಇಪ್ಪತ್ತು ಮಿನಿಟಿನಲ್ಲಿ ಇಪ್ಪತ್ತಾರೂ ಒಳಗೆ. ಒಂದೂ ಕಿರುಚಿಲ್ಲ.

ರೇಣವ್ವ ಚಪ್ಪಲಿ ಮೆಟ್ಟಿ ಲಾರಿಯ ಮುಂದೆ ಬಂದು ನಿಲ್ಲುತ್ತಾಳೆ. "ನಾನೂ ಬರ್ತೇನಿ."

"ಅದು ನೋಡೂವಂಥ ಜಾಗ ಅಲ್ಲವ್ವ" ಎನ್ನುತ್ತಾನೆ ಯುವರಾಜ.

"ಇಳಿಯೂದ ನೋಡ್ತೇನಿ. ಒಳಗ ಹೋಗೂದ ನೋಡೂದಿಲ್ಲ."

ಹೆಂಗಸರಿಬ್ಬರೂ ಚಾಲಕನ ಪಕ್ಕದಲ್ಲಿ ಒತ್ತಿಕೊಂಡು ಕೂರುತ್ತಾರೆ. ಕೊಲ್ಹಾರದ ಸೇತುವೆ ಮೇಲೆ ಹಿನ್ನೀರಿನ ಗಾಳಿ ತಟ್ಟಿಯ ಸಂದಿಯಲ್ಲಿ ನುಗ್ಗುತ್ತದೆ. ಬಿಸಿಲು ಏರುತ್ತದೆ. ಲಾರಿ ಎಲ್ಲೂ ನಿಲ್ಲುವುದಿಲ್ಲ. ಹಿಂದಿನಿಂದ ಸದ್ದು ಬಂದರೆ ಇಬ್ಬರೂ ಬೆಚ್ಚುತ್ತಾರೆ, ಬಾರದಿದ್ದರೆ ಇನ್ನೂ ಹೆಚ್ಚು ಬೆಚ್ಚುತ್ತಾರೆ. ಬರೆದುಕೊಳ್ಳಲು ಜೊತೆಗೆ ಬಂದವರು ಏನಾದರೂ ಆಸೆ ಇದೆಯೇ ಎಂದರೆ, "ಏರಸಾಕ ಕಲಿಯೂವ್ರು ಇನ್ನ ನಾಕ ಮಂದಿ ಬೇಕ್ರಿ" ಎನ್ನುತ್ತಾಳೆ ರಾಮವ್ವ ರಸ್ತೆಯಿಂದ ಕಣ್ಣು ತೆಗೆಯದೆ. "ನಾ ಒಬ್ಬಾಕಿ ಐದ ಶೆಡ್ಡು ನೋಡ್ತೇನಿ. ಉಳಿದವ್ರ ಕಡೆ ಇನ್ನೂ ಬಡಿಗಿ ಐತಿ."

ಹತ್ತೂಮುಕ್ಕಾಲಿಗೆ ಲಾರಿ ಕಸಾಯಿಖಾನೆಯ ಅಂಗಳದಲ್ಲಿ ಹಿಮ್ಮುಖವಾಗಿ ನಿಲ್ಲುತ್ತದೆ. ಯುವರಾಜ ಹಿಂಬಾಗಿಲು ಇಳಿಸುತ್ತಾನೆ. ರೇಣವ್ವ ಪಕ್ಕದಲ್ಲಿ ನಿಂತು ಬೆರಳು ಮಡಚುತ್ತಾಳೆ. ನೀಲಿ ಎಂಟೂ ಇಳಿಯುತ್ತವೆ, ಉಸುಕು ಹತ್ತಿದ ಮೂತಿ ಮೇಲೆತ್ತಿ ಹೊಸ ಗಾಳಿ ಮೂಸುತ್ತವೆ. ಹಸಿರು ಒಂಬತ್ತು. ಕೆಂಪು, ಒಂದು, ಎರಡು, ಐದು, ಎಂಟು.

ಆಮೇಲೆ ಯಾವುದೂ ಬರುವುದಿಲ್ಲ.

ಒಳಗೆ ಮೂಲೆಯಲ್ಲಿ ಒಂದು ಕೆಂಪು ಬೆನ್ನು ಉಸುಕಿನ ಮೇಲೆ ಚಾಚಿಕೊಂಡಿದೆ. ಕಾಲು ಅತ್ತ, ಮೂತಿ ಇತ್ತ. ಅಲ್ಲಿಯ ಆಳು ಬಡಿಗೆ ತರುತ್ತಾನೆ. ರಾಮವ್ವ ಅವನ ಕೈಗೆ ಅಡ್ಡ ಕೈ ಇಟ್ಟು, ತಾನೇ ಲಾರಿ ಹತ್ತುತ್ತಾಳೆ. ಮಂಡಿಯೂರಿ ಅದರ ಪಕ್ಕೆಯ ಮೇಲೆ ಅಂಗೈ ಇಡುತ್ತಾಳೆ. ಕೆಳಗೆ ರೇಣವ್ವನ ಮಡಚಿದ ಬೆರಳು ಹಾಗೇ ನಿಂತಿದೆ.

ಪಕ್ಕೆ ಏರಿಳಿಯುತ್ತಿದೆ. ನಿಧಾನ, ಒಂದೇ ಸಮ. ಮೈ ತಣ್ಣಗೂ ಇಲ್ಲ, ಕಾದೂ ಇಲ್ಲ. ಕೆಂಪು ಬೆನ್ನಿನದು ಗೊರಕೆ ಹೊಡೆಯುತ್ತಿದೆ.

"ನಿದ್ದಿ ಹತ್ತೈತಿ ಇದಕ್ಕ" ಎನ್ನುತ್ತಾಳೆ ರಾಮವ್ವ. ಎಂಟು ವರ್ಷದಲ್ಲಿ ಲಾರಿಯೊಳಗೆ ನಿದ್ದೆ ಹೋದ ಹಂದಿಯನ್ನು ಆಕೆ ನೋಡಿರುವುದು ಇದೇ ಮೊದಲು. ಎಬ್ಬಿಸಲು ಮನಸ್ಸಾಗದೆ ಒಂದು ಗಳಿಗೆ ಹಾಗೇ ಕೂರುತ್ತಾಳೆ. ಆಮೇಲೆ ಕಿವಿಯ ಬುಡ ಕೆರೆಯುತ್ತಾಳೆ. ಅದು ಒಂದು ಕಣ್ಣು ತೆರೆದು, ಮುಚ್ಚಿ, ಮತ್ತೆ ತೆರೆದು, ಮುಂಗಾಲು ಊರಿ ಎದ್ದು ಮೈ ಕೊಡವುತ್ತದೆ. ಇಳಿಬಿಟ್ಟ ಹಿಂಬಾಗಿಲಿನ ತುದಿಗೆ ಬಂದು ಮೂಸುತ್ತದೆ. ಯಾರೂ ಅವಸರ ಮಾಡುವುದಿಲ್ಲ. ಬಡಿಗೆ ಹಿಡಿದ ಆಳೂ ಸುಮ್ಮನೆ ನಿಂತಿದ್ದಾನೆ.

ಅದು ಇಳಿಯುತ್ತದೆ, ನಾಲ್ಕೂ ಕಾಲು ನೆಲಕ್ಕೂರಿ.

"ಇಪ್ಪತ್ತಾರು" ಎನ್ನುತ್ತಾಳೆ ರೇಣವ್ವ, ಕೊನೆಯ ಬೆರಳು ಮಡಚಿ.